ಸಹಕಾರಿ ಸಂಘದ ಶಾಖೆಯ ಒಳಾಂಗಣ: ಗಾಜಿನ ಕೌಂಟರೇ, ಕೂರುವ ಕೌಂಟರೇ, ತೆರೆದ ಮೇಜೇ?

ಹೊಸ ಶಾಖೆಗೆ ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟ ಮರುವಾರವೇ ಒಳಾಂಗಣದ ಗುತ್ತಿಗೆದಾರರು ಬಣ್ಣದ ಚಿತ್ರಗಳನ್ನು ತಂದು ಮೇಜಿನ ಮೇಲೆ ಹರಡುತ್ತಾರೆ. ಹೊಳೆಯುವ ನೆಲ, ಅಲೆಯಾಕಾರದ ಸೀಲಿಂಗ್, ಅದರ ಅಂಚಿನಲ್ಲಿ ನೀಲಿ ಬೆಳಕಿನ ಪಟ್ಟಿ. ಚಿತ್ರ ಚೆನ್ನಾಗಿಯೇ ಇರುತ್ತದೆ, ಆದರೆ ಅದರಲ್ಲಿ ಜನ ಇರುವುದಿಲ್ಲ. ಸಂತೆಯ ದಿನ 11 ಗಂಟೆಗೆ ಒಟ್ಟಿಗೇ ಬರುವ 20 ಮಂದಿ, ಒಡವೆಯ ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಯಾರ ಕಿವಿಗೂ ಬೀಳದಂತೆ ಸಾಲ ಕೇಳಬೇಕಾದ ಹೆಂಗಸು, ಸಂಜೆ ಚೀಲ ತುಂಬ ಚಿಲ್ಲರೆ ನೋಟು ತರುವ ಪಿಗ್ಮಿ ಸಂಗ್ರಾಹಕರು, ಇವರನ್ನೆಲ್ಲ ಆ ಚಿತ್ರದೊಳಗೆ ನಿಲ್ಲಿಸಿ ನೋಡಿದ ಮೇಲೆಯೇ ಯಾವ ವಿನ್ಯಾಸ ಬೇಕೆಂದು ಹೇಳಲು ಸಾಧ್ಯ.

ಇಲ್ಲಿ ಹೋಲಿಸುತ್ತಿರುವುದು ತಾಲ್ಲೂಕು ಕೇಂದ್ರದ ಒಂದು ಸಾಮಾನ್ಯ ಶಾಖೆಗೆ ಇರುವ ಆಯ್ಕೆಗಳನ್ನು: ನೆಲಮಹಡಿಯಲ್ಲಿ ಸುಮಾರು 1,000 ಚದರ ಅಡಿಯ ಬಾಡಿಗೆ ಜಾಗ, 5ರಿಂದ 6 ಸಿಬ್ಬಂದಿ, ಉಳಿತಾಯ ಖಾತೆ, ನಿರಖು ಠೇವಣಿ, ಪಿಗ್ಮಿ, ಚಿನ್ನಾಭರಣ ಸಾಲ. ಪತ್ತಿನ ಸಹಕಾರ ಸಂಘಕ್ಕೂ ಸೌಹಾರ್ದ ಸಹಕಾರಿಗೂ ಸಣ್ಣ ಪಟ್ಟಣ ಸಹಕಾರ ಬ್ಯಾಂಕಿಗೂ ಲೆಕ್ಕ ಹೆಚ್ಚುಕಡಿಮೆ ಒಂದೇ.

ಮೊದಲು ಕೆಲಸಗಳನ್ನು ಬೇರ್ಪಡಿಸಿ

ಶಾಖೆಯಲ್ಲಿ ನಡೆಯುವ ಕೆಲಸ ಮೂರು ಬಗೆಯದು. ನಗದು ಕಟ್ಟುವುದು, ತೆಗೆಯುವುದು, ಪಾಸ್‌ಬುಕ್ ಮುದ್ರಿಸುವುದು ನಿಂತೇ ಮುಗಿಯುತ್ತವೆ. ಖಾತೆ ತೆರೆಯುವುದು, ಠೇವಣಿ ನವೀಕರಣ, ನಾಮಿನಿ ಬದಲಾವಣೆ, ಸಾಲದ ಕಾಗದಪತ್ರ ಕೂತು ಮಾಡುವ ಕೆಲಸಗಳು. ಒಡವೆ ಪರೀಕ್ಷೆ, ಬಾಕಿ ಸಾಲದ ಮಾತುಕತೆ, ಲಾಕರ್ ತೆರೆಯುವುದಕ್ಕೆ ಬಾಗಿಲು ಮುಚ್ಚಿಕೊಳ್ಳಬೇಕು. ಈ ಮೂರನ್ನೂ ಒಂದೇ ಎತ್ತರದ ಒಂದೇ ಉದ್ದನೆಯ ಕೌಂಟರಿಗೆ ತಳ್ಳುವುದೇ ಹೆಚ್ಚಿನ ಶಾಖೆಗಳಲ್ಲಿ ಆಗುವ ಮೊದಲ ತಪ್ಪು. 2 ನಿಮಿಷದ ಕೆಲಸಕ್ಕೆ ಬಂದವರು 20 ನಿಮಿಷದ ಕೆಲಸದವರ ಹಿಂದೆ ನಿಲ್ಲುತ್ತಾರೆ, ಒಡವೆ ಅಡವಿಡಲು ಬಂದವರು ಎಲ್ಲರೆದುರು ಗಂಟು ಬಿಚ್ಚಬೇಕಾಗುತ್ತದೆ.

1,000 ಚದರ ಅಡಿಯನ್ನು ಹೀಗೆ ಹಂಚಿದರೆ ಸರಿಹೋಗುತ್ತದೆ: ಸಾರ್ವಜನಿಕರ ಹಾಲ್ 350, ಕೌಂಟರ್ ಮತ್ತು ಸಿಬ್ಬಂದಿ 250, ವ್ಯವಸ್ಥಾಪಕರ ಕೋಣೆ 100, ಒಡವೆ ಪರೀಕ್ಷಿಸುವ ಸರಾಫರ ಕೋಣೆ 60, ಭದ್ರತಾ ಕೋಣೆ 120, ಉಳಿದ 120ರಲ್ಲಿ ದಾಖಲೆ, ಯುಪಿಎಸ್ ಮತ್ತು ಶೌಚಾಲಯ. ಜಾಗ ಸಾಲದೆ ಹೋದಾಗ ಎಲ್ಲರೂ ಮೊದಲು ಕಡಿತ ಮಾಡುವುದು ಸರಾಫರ ಕೋಣೆಯನ್ನು. ಕಡಿಮೆ ಮಾಡಲೇಬೇಕೆಂದರೆ ವ್ಯವಸ್ಥಾಪಕರ ಕೋಣೆಯಿಂದ ತೆಗೆಯಿರಿ.

ಮೂರು ವಿನ್ಯಾಸಗಳು

ಹಳೆಯದು ಪೂರ್ತಿ ಗಾಜಿನ ಕೌಂಟರ್. ಮೇಲ್ಮೈ ಎತ್ತರ ಸುಮಾರು 1,050 ಮಿ.ಮೀ., ಅದರ ಮೇಲೆ ಸೀಲಿಂಗ್ ಹತ್ತಿರದವರೆಗೆ ಗಾಜು, ನಡುವೆ ಗುಂಡನೆಯ ಕಿಂಡಿ. ನಗದು ಭದ್ರ, ಒಬ್ಬನೇ ಕ್ಯಾಷಿಯರ್ ಇದ್ದರೂ ಧೈರ್ಯವಾಗಿ ಎದ್ದು ಹೋಗಬಹುದು, ಸಾಲು ಬೇಗ ಸರಿಯುತ್ತದೆ. ತೊಂದರೆ ಇರುವುದು ಮಾತಿನಲ್ಲಿ. ಕಿಂಡಿ ಒಬ್ಬರ ಬಾಯಿಯ ಎತ್ತರಕ್ಕಿದ್ದರೆ ಇನ್ನೊಬ್ಬರ ಹಣೆಯ ಎತ್ತರಕ್ಕಿರುತ್ತದೆ. ಹೀಗಾಗಿ ಗ್ರಾಹಕರು ಬಾಗಿ ಕೂಗುತ್ತಾರೆ, ಕ್ಯಾಷಿಯರ್ ತಿರುಗಿ ಕೂಗುತ್ತಾರೆ, ಖಾತೆಯಲ್ಲಿ ಎಷ್ಟು ಹಣವಿದೆ ಎಂಬುದು ಹಾಲಿಗೆಲ್ಲ ಗೊತ್ತಾಗುತ್ತದೆ. ಗಾಲಿಕುರ್ಚಿಯಲ್ಲಿ ಬಂದವರಿಗೆ ಕೌಂಟರಿನ ಆಚೆ ಏನಿದೆ ಎಂಬುದೇ ಕಾಣದು. ಗಾಜೇ ಬೇಕೆಂದಾದರೆ ಗುಂಡು ಕಿಂಡಿ ಬಿಟ್ಟು, ಎರಡು ಗಾಜಿನ ಹಾಳೆಗಳನ್ನು ಒಂದರ ಹಿಂದೆ ಒಂದು ತುಸು ಅಂತರದಲ್ಲಿ, ಅಂಚುಗಳು ಒಂದರ ಮೇಲೊಂದು ಬರುವಂತೆ ನಿಲ್ಲಿಸಿ. ಮಾತು ಆ ಸಂದಿಯಿಂದ ಎಲ್ಲ ಎತ್ತರದವರಿಗೂ ಕೇಳುತ್ತದೆ, ಕೈ ಮಾತ್ರ ತೂರುವುದಿಲ್ಲ.

ಎರಡನೆಯದು ತಗ್ಗು ಕೌಂಟರ್. ಎತ್ತರ 750 ಮಿ.ಮೀ., ಆಳ 700 ಮಿ.ಮೀ., ಎರಡೂ ಕಡೆ ಕುರ್ಚಿ. ಈಗ ಬಹುತೇಕ ಬ್ಯಾಂಕುಗಳ ಹೊಸ ಶಾಖೆಗಳು ಇತ್ತಲೇ ಹೊರಳಿವೆ. ಮುಖ ನೋಡಿ ಮಾತಾಡಬಹುದು, ವಯಸ್ಸಾದವರು ಕೂತು ಸಹಿ ಹಾಕಬಹುದು. ಆದರೆ ಕೂತ ಮನುಷ್ಯ ಬೇಗ ಏಳುವುದಿಲ್ಲ. ನಗದು ಕೆಲಸವನ್ನೂ ಕೂತೇ ಮಾಡುವಂತೆ ಇಟ್ಟ ಶಾಖೆಗಳಲ್ಲಿ ಸಂತೆಯ ದಿನ ಸಾಲು ಬಾಗಿಲು ದಾಟುತ್ತದೆ. ಕೌಂಟರಿನ ಕೆಳಗೆ ಗ್ರಾಹಕರ ಕಡೆ ಮೊಣಕಾಲಿಗೆ ಜಾಗ ಬಿಡದೆ ನೇರವಾಗಿ ಪ್ಲೈವುಡ್ ಹೊಡೆಯುವುದು ಇನ್ನೊಂದು ತಪ್ಪು. ಕೂತವರು ಒಂದೂವರೆ ಅಡಿ ದೂರದಿಂದ ಕೈ ಚಾಚಿ ಬರೆಯಬೇಕಾಗುತ್ತದೆ. ಕೆಳಗೆ ಕನಿಷ್ಠ 700 ಮಿ.ಮೀ. ಎತ್ತರ, 480 ಮಿ.ಮೀ. ಆಳ ಖಾಲಿ ಇರಲಿ. ಗಾಲಿಕುರ್ಚಿಗೂ ಇದೇ ಅಳತೆ ಸಾಕು.

ಮೂರನೆಯದು ಕೌಂಟರೇ ಇಲ್ಲದ ಬಿಡಿ ಮೇಜುಗಳ ವ್ಯವಸ್ಥೆ. ಅಮೆರಿಕದ ಕ್ರೆಡಿಟ್ ಯೂನಿಯನ್‌ಗಳಲ್ಲಿ ಇದು ಬಹಳ ರೂಢಿ. ಸಿಬ್ಬಂದಿ ಗ್ರಾಹಕರ ಪಕ್ಕದಲ್ಲೇ ನಿಂತು ಒಂದೇ ಪರದೆ ನೋಡುತ್ತಾ ಕೆಲಸ ಮುಗಿಸುತ್ತಾರೆ. ಅಲ್ಲಿ ಅದು ನಡೆಯುವುದು ಎರಡು ಮೇಜುಗಳ ನಡುವೆ ನೋಟು ಎಣಿಸಿ, ಪರೀಕ್ಷಿಸಿ, ಒಳಗೇ ಬೀಗ ಹಾಕಿಟ್ಟುಕೊಂಡು ಮತ್ತೆ ಹೊರಗೆ ಕೊಡುವ ಯಂತ್ರ ಕೂತಿರುವುದರಿಂದ. ಸಿಬ್ಬಂದಿಯ ಡ್ರಾಯರಿನಲ್ಲಿ ನಗದೇ ಇರುವುದಿಲ್ಲ. ಆ ಯಂತ್ರವಿಲ್ಲದೆ ಮೇಜನ್ನಷ್ಟೇ ನಕಲು ಮಾಡಿದರೆ ನೋಟಿನ ಕಟ್ಟು ಬಯಲಿನಲ್ಲಿ ಉಳಿಯುತ್ತದೆ. ನಮ್ಮಲ್ಲಿ ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಲ್ಲಿ ಮಾರ್ಗಸೂಚಿ ಹೊರಡಿಸಿ, ಅದೇ ವರ್ಷ ಅಕ್ಟೋಬರ್ 16ರಂದು 75 ಡಿಜಿಟಲ್ ಬ್ಯಾಂಕಿಂಗ್ ಘಟಕಗಳು ಆರಂಭವಾದ ಮೇಲೆ ಇಂಥ ಒಳಾಂಗಣದ ಚಿತ್ರಗಳು ಸಹಕಾರಿಗಳ ಮುಂದೆಯೂ ಬರುತ್ತಿವೆ. ಆ ಘಟಕಗಳು ವಾಣಿಜ್ಯ ಬ್ಯಾಂಕುಗಳವು, ಕೆಲಸವೆಲ್ಲ ಯಂತ್ರದಲ್ಲೇ ಆಗಲಿ ಎಂದು ಕಟ್ಟಿದವು. ಪಿಗ್ಮಿ ಮತ್ತು ಚಿನ್ನದ ಸಾಲದ ಮೇಲೆ ನಿಂತ ಸಂಘಕ್ಕೆ ಆ ರೂಪ ಹೊಂದುವುದಿಲ್ಲ.

ನಮ್ಮ ಅಭಿಪ್ರಾಯ ಸ್ಪಷ್ಟ: ಒಂದು ನಗದು ಕ್ಯಾಬಿನ್, ಅದರ ಪಕ್ಕದಲ್ಲಿ ಎರಡು ಅಥವಾ ಮೂರು ತಗ್ಗು ಕೌಂಟರ್, ಬಾಗಿಲಿನ ಹತ್ತಿರ ನಿಂತು ಬರೆಯುವ ಒಂದು ಸಣ್ಣ ಮೇಜು. ನಗದು ಕ್ಯಾಬಿನ್‌ನಲ್ಲಿ ಗ್ರಾಹಕರು ನಿಲ್ಲಲಿ, ಉಳಿದೆಡೆ ಕೂರಲಿ. ದಿನವಿಡೀ 100ಕ್ಕಿಂತ ಹೆಚ್ಚು ನಗದು ವಹಿವಾಟು ಇದ್ದರೆ ಎರಡನೇ ನಗದು ಕ್ಯಾಬಿನ್‌ಗೆ ಈಗಲೇ ವೈರಿಂಗ್ ಎಳೆಸಿಟ್ಟುಕೊಳ್ಳಿ.

ನಗದು ಕ್ಯಾಬಿನ್: ಕೈ ಬಿಗಿ ಮಾಡಬಾರದ ಜಾಗ

ಒಳಗಿನ ಅಳತೆ ಕನಿಷ್ಠ 1,800 × 1,800 ಮಿ.ಮೀ. ಇದಕ್ಕಿಂತ ಕಿರಿದಾದರೆ ಕ್ಯಾಷಿಯರ್ ಕುರ್ಚಿ ತಿರುಗಿಸಿ ತಿಜೋರಿ ತೆರೆಯಲಾಗುವುದಿಲ್ಲ. ಬಾಗಿಲು ತಾನೇ ಮುಚ್ಚಿಕೊಳ್ಳುವಂತಿದ್ದು, ಹೊರಗಿನಿಂದ ಕೀಲಿಯಿಲ್ಲದೆ ತೆರೆಯಬಾರದು. ಗಾಜಿನ ಆಯ್ಕೆಯಲ್ಲಿ ಗುತ್ತಿಗೆದಾರರು ‘ಟಫನ್ಡ್ ಹಾಕುತ್ತೇವೆ, ಗಟ್ಟಿ’ ಎನ್ನುತ್ತಾರೆ. ಟಫನ್ಡ್ ಗಾಜು ಗಟ್ಟಿ ನಿಜ, ಆದರೆ ಒಡೆದಾಗ ಪೂರ್ತಿ ಹಾಳೆ ಕಾಳುಕಾಳಾಗಿ ಉದುರಿ ದಾರಿ ತೆರೆದುಬಿಡುತ್ತದೆ. ನಡುವೆ ಪದರವಿಟ್ಟು ಎರಡು ಹಾಳೆ ಅಂಟಿಸಿದ ಲ್ಯಾಮಿನೇಟೆಡ್ ಗಾಜು ಬಿರುಕು ಬಿಟ್ಟರೂ ಚೌಕಟ್ಟಿನಲ್ಲೇ ನಿಲ್ಲುತ್ತದೆ. ಕ್ಯಾಬಿನ್‌ಗೆ ಲ್ಯಾಮಿನೇಟೆಡ್, ಮುಖ್ಯದ್ವಾರಕ್ಕೆ 12 ಮಿ.ಮೀ. ಟಫನ್ಡ್, ಇದೇ ಸರಿಯಾದ ಹಂಚಿಕೆ.

ಹಣ ಕೊಡುವ ಜಾಗದಲ್ಲಿ ಗ್ರಾನೈಟಿನಲ್ಲೇ 300 × 200 ಮಿ.ಮೀ. ತಗ್ಗು ಕೊರೆಸಿ. ನಾಣ್ಯ ಉರುಳುವುದಿಲ್ಲ, ಎಣಿಸಿದ ನೋಟು ಎರಡೂ ಕಡೆಯವರಿಗೆ ಕಾಣುತ್ತದೆ. ಕ್ಯಾಮೆರಾ ಮುಖದ ಮೇಲೆ ಒಂದಿದ್ದರೆ, ಇನ್ನೊಂದು ನೇರ ಮೇಲಿನಿಂದ ಎರಡು ಕೈಗಳನ್ನೂ ನೋಟು ಎಣಿಸುವ ಯಂತ್ರದ ಅಂಕೆಯನ್ನೂ ಹಿಡಿಯುವಂತಿರಲಿ. ಕಡಿಮೆ ಬಂತು, ಹೆಚ್ಚು ಬಂತು ಎಂಬ ತಕರಾರು ಬಂದಾಗ ನೆರವಿಗೆ ಬರುವುದು ಈ ಎರಡನೇ ಕ್ಯಾಮೆರಾ. ಕ್ಯಾಬಿನ್ ಒಳಗಿನ ದೀಪ ಗಾಜಿಗೆ ತೀರಾ ಎದುರಾಗಿದ್ದರೆ ಒಳಗಿನಿಂದ ನೋಡುವವರಿಗೆ ಬರೀ ಪ್ರತಿಬಿಂಬ ಕಾಣುತ್ತದೆ. ಮುಂದಿರುವವರ ಮುಖವನ್ನೂ ಸಹಿಯನ್ನೂ ದಾಖಲೆಯೊಂದಿಗೆ ಹೋಲಿಸಬೇಕಾದ ಕ್ಯಾಷಿಯರ್‌ಗೆ ಇದು ದಿನವಿಡೀ ಕಾಟ.

ಪ್ರತಿ ಕೌಂಟರಿಗೆ ಯುಪಿಎಸ್ ಲೈನಿನ 4 ಸಾಕೆಟ್, ನೇರ ವಿದ್ಯುತ್ತಿನ 2 ಸಾಕೆಟ್, 2 ನೆಟ್‌ವರ್ಕ್ ಪಾಯಿಂಟ್ ಬೇಕು. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಸಿಕ್ಕಿಸಬಾರದು. ಬಿಸಿಯಾಗುವ ಕ್ಷಣದಲ್ಲಿ ಅದು ಎಳೆಯುವ ವಿದ್ಯುತ್ತಿಗೆ ಸಣ್ಣ ಯುಪಿಎಸ್ ಕೈಕೊಟ್ಟು ಎಲ್ಲ ಕಂಪ್ಯೂಟರೂ ಒಟ್ಟಿಗೆ ಆರುತ್ತವೆ. ಪಾಸ್‌ಬುಕ್ ಪ್ರಿಂಟರಿಗೆ ಪಕ್ಕದಲ್ಲಿ 600 ಮಿ.ಮೀ. ಅಗಲ ಮೀಸಲಿಡಿ. ಮರೆತರೆ ಅದು ಕೊನೆಗೆ ಸ್ಟೂಲಿನ ಮೇಲೆ ಕೂರುತ್ತದೆ.

ಸರಾಫರ ಕೋಣೆ

ಒಡವೆ ಪರೀಕ್ಷೆಯ ಮೇಜನ್ನು ಪ್ಲೈವುಡ್‌ನಲ್ಲಿ ಮಾಡಿಸಬೇಡಿ. ಗೋಡೆಗೆ ಕೂರಿಸಿದ ಗ್ರಾನೈಟ್ ಹಲಗೆಯೇ ಆಗಬೇಕು. 0.01 ಗ್ರಾಂ ತೋರಿಸುವ ತಕ್ಕಡಿ ಮೇಜು ಅಲುಗಿದರೂ ಫ್ಯಾನಿನ ಗಾಳಿ ತಾಗಿದರೂ ಅಂಕೆ ಬದಲಿಸುತ್ತಲೇ ಇರುತ್ತದೆ. ಆದ್ದರಿಂದ ತಕ್ಕಡಿಯ ನೆತ್ತಿಯ ಮೇಲೆ ಫ್ಯಾನ್ ಬೇಡ, ಎಸಿಯ ಗಾಳಿಯೂ ನೇರ ಬೀಳಬಾರದು, ತಕ್ಕಡಿಗೆ ಗಾಜಿನ ಮುಚ್ಚು ಇರಲಿ. ತೂಕದ ಅಂಕೆ ಗ್ರಾಹಕರಿಗೂ ಕಾಣುವಂತೆ ಕೂರಿಸಿ.

ಬೆಳಕಿನ ವಿಷಯದಲ್ಲಿ ಅಲಂಕಾರ ಮಾಡುವವರ ಮಾತು ಕೇಳಬಾರದ ಜಾಗ ಇದೊಂದು. ಹಳದಿ ಬಣ್ಣದ 3,000 ಕೆಲ್ವಿನ್ ದೀಪದಡಿ ಹಿತ್ತಾಳೆಯೂ ಚಿನ್ನದಂತೆ ಹೊಳೆಯುತ್ತದೆ. 5,000ದಿಂದ 6,500 ಕೆಲ್ವಿನ್, ಬಣ್ಣ ತೋರಿಸುವ ಸೂಚ್ಯಂಕ 90ಕ್ಕಿಂತ ಮೇಲಿರುವ ದೀಪವೇ ಬೇಕು. ಒರೆಗಲ್ಲಿನ ಗೆರೆಯ ಮೇಲೆ ಹಾಕುವ ಆಮ್ಲದ ಹನಿ ಮೈಕಾಕ್ಕೆ ಬಿದ್ದರೆ ಕಲೆ, ಅಮೃತಶಿಲೆಗೆ ಬಿದ್ದರೆ ಗುಳಿ. ಗ್ರಾನೈಟಿನ ಮೇಲೂ ಪಿಂಗಾಣಿ ತಟ್ಟೆಯಿಟ್ಟು ಕೆಲಸ ಮಾಡುವುದು ಒಳ್ಳೆಯದು, ಕಿಟಕಿಯಿಲ್ಲದಿದ್ದರೆ ಹೊರಗೆ ಎಳೆಯುವ ಸಣ್ಣ ಫ್ಯಾನ್ ಅಗತ್ಯ. ಕೋಣೆಯ ಗೋಡೆ ಫಾಲ್ಸ್ ಸೀಲಿಂಗ್‌ಗೆ ನಿಲ್ಲದೆ ಮೇಲಿನ ಆರ್‌ಸಿಸಿ ಚಾವಣಿಯವರೆಗೆ ಹೋಗಬೇಕು. ಸೀಲಿಂಗ್‌ವರೆಗೆ ಮಾತ್ರ ಕಟ್ಟಿದರೆ ಮಾತೆಲ್ಲ ಮೇಲಿನ ಪೊಳ್ಳಿನಿಂದ ಹಾಲಿಗೆ ಇಳಿಯುತ್ತದೆ. ವ್ಯವಸ್ಥಾಪಕರ ಕೋಣೆಗೂ ಇದೇ ಮಾತು. ಬಾಕಿದಾರರೊಂದಿಗೆ ನಡೆಯುವ ಸಂಭಾಷಣೆ ಹೊರಗೆ ಕೇಳಿಸುವ ಶಾಖೆಗೆ ಮಾನಸ್ಥರು ಮತ್ತೆ ಬರುವುದಿಲ್ಲ.

ಪಿಗ್ಮಿ ಮೇಜು

ಮನೆಬಾಗಿಲಿಗೆ ಹೋಗಿ ದಿನದ ಉಳಿತಾಯ ಸಂಗ್ರಹಿಸುವ ಪಿಗ್ಮಿ ಠೇವಣಿ 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನಿಂದ ಶುರುವಾದದ್ದು, ಅದೂ ನಮ್ಮ ಕರಾವಳಿಯಲ್ಲಿ. ಇಂದಿಗೂ ಅನೇಕ ಸಹಕಾರಿಗಳು ನಡೆಯುತ್ತಿರುವುದು ಇದರಿಂದಲೇ. ಆದರೂ ಹೊರಗಿನಿಂದ ಬಂದ ಯಾವ ವಿನ್ಯಾಸದಲ್ಲೂ ಪಿಗ್ಮಿ ಸಂಗ್ರಾಹಕರಿಗೆ ಒಂದಂಗುಲ ಜಾಗ ಇರುವುದಿಲ್ಲ. ಅವರು ಬರುವುದು ಮುಚ್ಚುವ ಹೊತ್ತಿಗೆ, ಐದಾರು ಮಂದಿ ಒಟ್ಟಿಗೆ, 10, 20, 50ರ ನೋಟುಗಳನ್ನು ಹೊತ್ತು. ನಗದು ಕೌಂಟರಿನಲ್ಲೇ ಅವರು ಎಣಿಸಲು ನಿಂತರೆ ಉಳಿದ ಗ್ರಾಹಕರ ಕೆಲಸ ನಿಲ್ಲುತ್ತದೆ. ಹಾಲಿನಿಂದ ನೇರ ಕಾಣದ, ಆದರೆ ಕ್ಯಾಮೆರಾ ಹಿಡಿಯುವ ಒಂದು ಮೂಲೆಯಲ್ಲಿ 1,800 × 600 ಮಿ.ಮೀ. ಮೇಜು, 900 ಮಿ.ಮೀ. ಎತ್ತರದಲ್ಲಿ, ಸಂಗ್ರಹ ಯಂತ್ರಗಳನ್ನು ಚಾರ್ಜ್ ಮಾಡಲು 6 ಸಾಕೆಟ್, ನೋಟು ಕಟ್ಟಲು ರಬ್ಬರ್ ಬ್ಯಾಂಡ್ ಮತ್ತು ಪಟ್ಟಿ ಇಡುವ ಡ್ರಾಯರ್. ವೆಚ್ಚ ಅತಿ ಕಡಿಮೆ, ಸಂಜೆ ಲೆಕ್ಕ ಮುಗಿಯುವ ಹೊತ್ತು ಮಾತ್ರ ಎದ್ದು ಕಾಣುವಷ್ಟು ಹಿಂದಕ್ಕೆ ಬರುತ್ತದೆ.

ನೆಲ, ಮರ, ಸೀಲಿಂಗ್

ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್, ವಿನೈಲ್ ಈ ಮೂರರ ನಡುವೆ ಆಯ್ಕೆ. ವಿನೈಲ್ ಮರದಂತೆ ಕಾಣುತ್ತದೆ, ಒಂದೇ ದಿನದಲ್ಲಿ ಹಾಸಬಹುದು. ಆದರೆ ನೆಲಮಹಡಿಯ ತೇವ ಮೇಲೇರುವ ಕಟ್ಟಡದಲ್ಲಿ ಅಂಟು ಬಿಟ್ಟು ಅಂಚು ಏಳುತ್ತದೆ, ಆ ಅಂಚಿಗೆ ಕಾಲು ತಾಗುತ್ತದೆ. ಕರಾವಳಿ, ಮಲೆನಾಡಿನಲ್ಲಿ ಬೇಡ. ಕನ್ನಡಿಯಂತೆ ಹೊಳೆಯುವ ವಿಟ್ರಿಫೈಡ್ ಮಳೆಗಾಲದಲ್ಲಿ ಜಾರುತ್ತದೆ. 600 × 600 ಮಿ.ಮೀ. ಮ್ಯಾಟ್ ಟೈಲ್ಸ್ ಹಾಲಿಗೆ ಸಾಕು. ಮೆಟ್ಟಿಲಿಗೂ ಇಳಿಜಾರಿಗೂ ಒರಟು ಮೇಲ್ಮೈಯ ಗ್ರಾನೈಟ್ ಹಾಕಿ, ಇಳಕಲ್ಲಿನಿಂದ ಚಾಮರಾಜನಗರದವರೆಗೆ ನಮ್ಮಲ್ಲೇ ಸಿಗುವ ಕಲ್ಲು. ಬಾಗಿಲ ಒಳಗೆ ನೆಲವನ್ನು ತಗ್ಗಿಸಿ ನಾರಿನ ಕಾಲೊರಸು ಕೂರಿಸಿದರೆ ಅರ್ಧ ಕೆಸರು ಅಲ್ಲೇ ನಿಲ್ಲುತ್ತದೆ. ನೆಲದ ಮೇಲೆ ಬಿಡಿಯಾಗಿ ಹಾಸಿದ ಕಾಲೊರಸು ಎಡವುವುದಕ್ಕೆ ದಾರಿ.

ಕೌಂಟರಿನ ಒಡಲಿಗೆ ನೀರು ತಡೆಯುವ, ಐಎಸ್ 710 ಗುರುತಿನ ಪ್ಲೈವುಡ್ಡೇ ಆಗಲಿ. ಐಎಸ್ 303 ಗುರುತಿನದು ಒಣ ಜಾಗದ ಕಪಾಟಿಗೆ ಸರಿ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ನೋಡಲು ನುಣುಪು, ಬೆಲೆಯೂ ಕಡಿಮೆ, ಆದರೆ ದಿನವೂ ನೆಲ ಒರೆಸುವ ನೀರು ಬುಡಕ್ಕೆ ತಾಗಿ ಒಂದೆರಡು ಮಳೆಗಾಲದಲ್ಲಿ ಉಬ್ಬುತ್ತದೆ. ಯಾವುದನ್ನೇ ಹಾಕಿದರೂ ಕೆಳಗಿನ 100 ಮಿ.ಮೀ. ಗ್ರಾನೈಟ್ ಸ್ಕರ್ಟಿಂಗ್ ಇರಲಿ, ಬಡಗಿ ಕೆಲಸ ಶುರುವಾಗುವ ಮೊದಲೇ ಗೆದ್ದಲಿನ ಔಷಧಿ ಹೊಡೆಸಿ. ಕೌಂಟರಿನ ಮೇಲ್ಮೈಗೆ ಬಿಳಿ ಮೈಕಾ ಬೇಡ, ಸ್ಟ್ಯಾಂಪ್ ಪ್ಯಾಡಿನ ಶಾಯಿ ಒಮ್ಮೆ ಹಿಡಿದರೆ ಹೋಗುವುದಿಲ್ಲ. ಜೋಡಣೆ ಕಾಣದ ಸಾಲಿಡ್ ಸರ್ಫೇಸ್ ಎಂಬ ಕೃತಕ ಹಲಗೆ ಈಗಿನ ಒಲವು. ಸದಸ್ಯರು ಕೂರುವ ಕೌಂಟರಿಗೆ ಅದು ಚೆಂದ, ಗೀರಾದರೆ ಉಜ್ಜಿ ಸರಿಪಡಿಸಬಹುದು. ನಾಣ್ಯ ಎಳೆದಾಡುವ ನಗದು ಕೌಂಟರಿಗೆ ಗ್ರಾನೈಟ್ ವಾಸಿ.

ಸೀಲಿಂಗ್‌ನಲ್ಲಿ ಜಿಪ್ಸಮ್ ಅಂದವೋ, ಚೌಕದ ಮಿನರಲ್ ಫೈಬರ್ ಅಂದವೋ ಎಂಬುದು ಪ್ರಶ್ನೆಯಲ್ಲ. ಜಿಪ್ಸಮ್‌ನ ಮೇಲೆ ವೈರ್ ಕೆಟ್ಟರೆ ಅಥವಾ ಎಸಿಯ ನೀರು ಸೋರಿದರೆ ಕತ್ತರಿಸಿ ಮತ್ತೆ ಬಣ್ಣ ಹೊಡೆಯಬೇಕು, ಚೌಕವನ್ನಾದರೆ ಎತ್ತಿ ನೋಡಿ ಮತ್ತೆ ಇಡಬಹುದು. ಟೈಲ್ಸ್ ನೆಲ, ಗಾಜು, ನುಣುಪು ಗೋಡೆ ಎಲ್ಲವೂ ಶಬ್ದವನ್ನು ಹಿಂದಿರುಗಿಸುವ ಹಾಲಿನಲ್ಲಿ ಅದನ್ನು ಹೀರಿಕೊಳ್ಳುವುದೂ ಮಿನರಲ್ ಫೈಬರ್ ಒಂದೇ. ಒದ್ದೆಯಾದರೆ ಕಲೆಯಾಗಿ ಜೋತುಬೀಳುವುದು ಅದರ ದೋಷ, ಬದಲಿಸಲು ಒಂದು ಪೆಟ್ಟಿಗೆ ಹೆಚ್ಚುವರಿ ಕೊಂಡಿಟ್ಟುಕೊಳ್ಳಿ. ಸಮುದ್ರದ ಹತ್ತಿರದ ಊರುಗಳಲ್ಲಿ ಚೌಕಟ್ಟಿನ ತಗಡು ತುಕ್ಕು ಹಿಡಿಯುತ್ತದೆ, ಅಲ್ಲಿ ಅಲ್ಯುಮಿನಿಯಂ ಚೌಕಟ್ಟು ಕೇಳಿ.

ದೀಪದ ಲೆಕ್ಕ ಸುಲಭ. 350 ಚದರ ಅಡಿ ಎಂದರೆ ಸುಮಾರು 32.5 ಚದರ ಮೀಟರ್. 400 ಲಕ್ಸ್, ಅಂದರೆ ಚದರ ಮೀಟರಿಗೆ 400 ಲ್ಯೂಮೆನ್ ಬೆಳಕು ಬೇಕಾದರೆ ಕೆಲಸದ ಮೇಲ್ಮೈಗೆ 13,000 ಲ್ಯೂಮೆನ್ ತಲುಪಬೇಕು. 36 ವ್ಯಾಟ್ಟಿನ ಒಂದು ಎಲ್‌ಇಡಿ ಪ್ಯಾನೆಲ್ ಸುಮಾರು 3,600 ಲ್ಯೂಮೆನ್ ಕೊಟ್ಟರೂ ಗೋಡೆ, ಧೂಳು, ವಯಸ್ಸು ಎಲ್ಲ ಕಳೆದು ಅರ್ಧದಷ್ಟೇ ಕೆಳಗೆ ಬರುತ್ತದೆ. ಹಾಗಾಗಿ 8 ಪ್ಯಾನೆಲ್, 4,000 ಕೆಲ್ವಿನ್. ಫ್ಯಾನ್ ಕೂಡ ಇದ್ದರೆ ರೆಕ್ಕೆ ದೀಪದ ಕೆಳಗೆ ಬರದಂತೆ ಗುರುತು ಹಾಕಿ, ಇಲ್ಲವಾದರೆ ಇಡೀ ದಿನ ಕೌಂಟರಿನ ಮೇಲೆ ನೆರಳು ಮಿಟುಕುತ್ತದೆ.

ಬಾಗಿಲು, ಕುರ್ಚಿ, ಫಲಕ

ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ರಸ್ತೆಯಿಂದ ನೆಲದ ಎತ್ತರ ಅಳೆಯಿರಿ. ಇಳಿಜಾರು 1:12ಕ್ಕಿಂತ ಕಡಿದಾಗಬಾರದು. ಮೂರು ಮೆಟ್ಟಿಲು, ಅಂದರೆ 450 ಮಿ.ಮೀ. ಎತ್ತರವಿದ್ದರೆ 5.4 ಮೀಟರ್ ಉದ್ದದ, 1,200 ಮಿ.ಮೀ. ಅಗಲದ ಇಳಿಜಾರು ಬೇಕು. ಪಾದಚಾರಿ ಮಾರ್ಗದಲ್ಲಿ ಅದನ್ನು ಕಟ್ಟಲು ಬಿಡುವುದಿಲ್ಲ, ಕಟ್ಟಡದ ಗೋಡೆಗುಂಟ ತಿರುಗಿಸಲು ಜಾಗವಿಲ್ಲದಿದ್ದರೆ ಬೇರೆ ಕಟ್ಟಡ ನೋಡುವುದೇ ಮೇಲು. ಆಮೇಲೆ ಕಡಿದಾದ ಕಬ್ಬಿಣದ ಹಲಗೆ ಇಟ್ಟು ತೃಪ್ತಿಪಟ್ಟುಕೊಳ್ಳುವುದು ಬೀಳಿಸುವ ವ್ಯವಸ್ಥೆ. ಬಾಗಿಲ ತೆರವು 900 ಮಿ.ಮೀ., ಒಳಗೆ ಗಾಲಿಕುರ್ಚಿ ತಿರುಗಲು 1,500 ಮಿ.ಮೀ. ವೃತ್ತ.

ಕಾಯುವವರಿಗೆ ರಂಧ್ರದ ಸ್ಟೀಲ್ ಸಾಲುಕುರ್ಚಿ ಬಾಳಿಕೆ ಬರುತ್ತದೆ, ಸೋಫಾ ಬೇಗ ಕುಸಿಯುತ್ತದೆ, ತಗ್ಗು ಸೋಫಾದಿಂದ ಮಂಡಿನೋವಿನವರು ಏಳಲಾರರು. ಆಸನ 450 ಮಿ.ಮೀ. ಎತ್ತರ, ಕೈಯೂರಲು ಎರಡೂ ಬದಿ ಹಿಡಿ. ಸಾಲಿನ ಕೊನೆಯಲ್ಲಿ ಗಾಲಿಕುರ್ಚಿಗೆ 900 × 1,200 ಮಿ.ಮೀ. ಖಾಲಿ ಬಿಡಿ.

ನಾಮಫಲಕದಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ಶೇ 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದ ಸಂಘ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿಯ ನಂತರ ಹೆಸರಿನಲ್ಲಿ ‘ಬ್ಯಾಂಕ್’, ‘ಬ್ಯಾಂಕಿಂಗ್’ ಪದ ಬಳಸುವಂತಿಲ್ಲ. ಗಾಜಿನ ಮೇಲಿನ ಸ್ಟಿಕರ್, ಗೋಡೆಯ ಅಕ್ಷರ, ಟೋಕನ್ ಯಂತ್ರದ ಪರದೆ ಎಲ್ಲಕ್ಕೂ ಇದು ಅನ್ವಯ. ಮಾದರಿ ನಕ್ಷೆಯಿಂದ ನಕಲು ಮಾಡುವಾಗ ಇಂಥ ಪದಗಳು ನುಸುಳುವುದು ಸಾಮಾನ್ಯ.

ಭದ್ರತಾ ಕೋಣೆ

ಪಕ್ಕದ ಅಂಗಡಿಯೊಂದಿಗೆ ಗೋಡೆ ಹಂಚಿಕೊಳ್ಳುವ ಮೂಲೆ ಬೇಡ, 9 ಇಂಚಿನ ಇಟ್ಟಿಗೆ ಗೋಡೆಯನ್ನು ಆಚೆಯಿಂದ ಒಂದು ರಾತ್ರಿಯಲ್ಲಿ ಕೊರೆಯಬಹುದು. ಒಳಗೆ ಆರ್‌ಸಿಸಿ ಗೋಡೆ ಎಬ್ಬಿಸಬೇಕು, ನೆಲ ಮತ್ತು ಚಾವಣಿಗೂ ಅದೇ ಬಲ ಕೊಡಬೇಕು. ಮೇಲಿನ ಮಹಡಿಯಲ್ಲಾದರೆ ತಿಜೋರಿ, ಲಾಕರ್ ಕಪಾಟಿನ ತೂಕ ತಯಾರಕರಿಂದ ಬರೆಸಿಕೊಂಡು ರಚನಾ ಎಂಜಿನಿಯರ್‌ಗೆ ತೋರಿಸಿಯೇ ಮುಂದುವರಿಯಿರಿ. ಎಸಿಗಾಗಿ ಗೋಡೆ ಕೊರೆಸಬೇಡಿ. ಲಾಕರ್ ಇರುವ ಬ್ಯಾಂಕುಗಳು ಭದ್ರತಾ ಕೋಣೆಯ ಒಳಬರುವ, ಹೊರಹೋಗುವ ದೃಶ್ಯಗಳನ್ನು ಕನಿಷ್ಠ 180 ದಿನ ಉಳಿಸಬೇಕೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಹೇಳಿದೆ. ಸಂಘಗಳೂ ರೆಕಾರ್ಡರಿನ ಹಾರ್ಡ್ ಡಿಸ್ಕನ್ನು ಆ ಲೆಕ್ಕದಲ್ಲೇ ಕೊಳ್ಳುವುದು ಒಳ್ಳೆಯದು. ರೆಕಾರ್ಡರ್ ಮಾತ್ರ ಹಾಲಿನಲ್ಲಿ ಬೇಡ, ಬೀಗವಿರುವ ಪೆಟ್ಟಿಗೆಯಲ್ಲಿರಲಿ. ಯುಪಿಎಸ್ ಬ್ಯಾಟರಿಗಳನ್ನು ದಾಖಲೆ ಕೋಣೆಯಲ್ಲಿ ಕಾಗದದ ಪಕ್ಕ ಇಡಬೇಡಿ, ನೀರು ತುಂಬುವ ಬ್ಯಾಟರಿ ಬಿಡುವ ಹೈಡ್ರೋಜನ್ ಹೊರಹೋಗಲು ದಾರಿ ಬೇಕು.

ಯಾವುದಾದ ಮೇಲೆ ಯಾವುದು

ನಕ್ಷೆ ಒಪ್ಪಿದ ಕೂಡಲೇ ಬಡಗಿಯನ್ನು ಕರೆಯಬೇಡಿ. ಖಾಲಿ ನೆಲದ ಮೇಲೆ ಸೀಮೆಸುಣ್ಣದಿಂದ ಕೌಂಟರ್, ಕ್ಯಾಬಿನ್, ಕುರ್ಚಿಗಳ ಪೂರ್ತಿ ಅಳತೆ ಬರೆದು ಸಿಬ್ಬಂದಿಯನ್ನೇ ನಿಲ್ಲಿಸಿ, ಒಬ್ಬರು ನಗದು ಕಟ್ಟಲು, ಒಬ್ಬರು ಒಡವೆ ತಂದು, ಇಬ್ಬರು ಪಿಗ್ಮಿ ಚೀಲ ಹಿಡಿದು ಒಟ್ಟಿಗೆ ಓಡಾಡಲಿ. ಡಿಕ್ಕಿ ಎಲ್ಲೆಂದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಆಮೇಲೆ ಭದ್ರತಾ ಕೋಣೆಯ ಕಾಂಕ್ರೀಟ್ ಮತ್ತು ಅದರ ಕ್ಯೂರಿಂಗ್, ಗೆದ್ದಲು ಔಷಧಿ, ವೈರಿಂಗ್ ಮತ್ತು ಪ್ರತ್ಯೇಕ ಅರ್ಥಿಂಗ್, ನೆಲ, ಸೀಲಿಂಗ್ ಚೌಕಟ್ಟು, ಮರಗೆಲಸ, ಬಣ್ಣ, ಕೊನೆಗೆ ಗಾಜು. ಮರಗೆಲಸ ಮುಗಿದ ಮೇಲೆ ವೈರಿಂಗ್ ಎಳೆದ ಶಾಖೆಯಲ್ಲಿ ಕೇಬಲ್‌ಗಳು ಕೌಂಟರಿನ ಹೊರಗೆ ನೇತಾಡುತ್ತವೆ, ಇಲಿ ಮೊದಲು ಹುಡುಕುವುದೂ ಅವನ್ನೇ.

ಬಾಡಿಗೆ ಕಟ್ಟಡವಾದ್ದರಿಂದ ಇನ್ನೊಂದು ಮಾತು. ಕೌಂಟರನ್ನು ಗೋಡೆಗೆ ಅಂಟಿದ ಒಂದೇ ಉದ್ದ ತುಂಡಾಗಿ ಮಾಡಿಸದೆ, 1,200 ಮಿ.ಮೀ. ಅಗಲದ ಬಿಡಿ ಪೆಟ್ಟಿಗೆಗಳಾಗಿ ಮಾಡಿಸಿ ಬೋಲ್ಟ್ ಹಾಕಿ ಜೋಡಿಸಿ, ಮೇಲಿನ ಗ್ರಾನೈಟನ್ನೂ ಅದೇ ಅಳತೆಗೆ ಕತ್ತರಿಸಿ. ಕರಾರಿನ ಅವಧಿ ಮುಗಿದು ಶಾಖೆ ಬೇರೆಡೆಗೆ ಹೋದಾಗ ಕೌಂಟರ್, ಸೀಲಿಂಗ್ ಚೌಕಗಳು, ದೀಪಗಳು, ಕ್ಯಾಬಿನ್ ಗಾಜು ನಿಮ್ಮ ಜೊತೆ ಬರುತ್ತವೆ. ಯಾವುದು ಬರುತ್ತದೆ, ಯಾವುದು ಮಾಲೀಕರಿಗೆ ಉಳಿಯುತ್ತದೆ ಎಂಬ ಪಟ್ಟಿಯನ್ನು ಕರಾರಿನ ಜೊತೆಗೇ ಲಗತ್ತಿಸಿ ಇಬ್ಬರೂ ಸಹಿ ಹಾಕಿಟ್ಟುಕೊಳ್ಳಿ.